ದಸರೆಗೆ ಯಾವ ಆಸ್ಟರ್, ದೀಪಾವಳಿಗೆ ಯಾವುದು?

ಸೆಪ್ಟೆಂಬರ್ ಎರಡನೇ ವಾರ ಬಂತೆಂದರೆ ಇಲ್ಲಿ ನ್ಯೂಜೆರ್ಸಿಯ ಅಂಗಡಿಗಳ ಮುಂದೆ ಸೇವಂತಿಗೆ, ಆಸ್ಟರ್ ಕುಂಡಗಳ ಸಾಲು ಶುರುವಾಗುತ್ತದೆ. ಚೆಂಡಿನ ಹಾಗೆ ದುಂಡಗಿನ ಗಿಡ, ಎಲೆ ಕಾಣದಷ್ಟು ಹೂ. ನೋಡಿದ ತಕ್ಷಣ ಕಾರಿಗೆ ಹಾಕಿಕೊಳ್ಳೋಣ ಅನ್ನಿಸುತ್ತದೆ. ನಾನೂ ಒಂದು ವರ್ಷ ಐದು ಕುಂಡ ಹಾಕಿಕೊಂಡು ಬಂದೆ. ಒಂದು ತಿಂಗಳು ಬಾಗಿಲ ಮುಂದೆ ಚೆನ್ನಾಗಿದ್ದವು. ಹೂ ಮುಗಿದ ಮೇಲೆ, ಅಕ್ಟೋಬರ್ ಕೊನೆಗೆ, ಕುಂಡದಲ್ಲಿದ್ದ ಚೀಟಿಯ ಮಾತು ನಂಬಿ ನೆಲಕ್ಕೆ ನೆಟ್ಟೆ. ವರ್ಷ ವರ್ಷ ಬರುವ ಗಿಡ ಅಂತ ಅದರಲ್ಲಿ ಬರೆದಿತ್ತು.

ಮಾರ್ಚಿನಲ್ಲಿ ಹಿಮ ಕರಗಿದ ಮೇಲೆ ನೋಡಿದರೆ ಐದೂ ನೆಲದಿಂದ ಒಂದಿಂಚು ಮೇಲೆದ್ದು ಕೂತಿದ್ದವು. ಒಂದನ್ನು ಹಿಡಿದು ಎತ್ತಿದೆ. ತಟ್ಟೆಯಿಂದ ಇಡ್ಲಿ ಎದ್ದ ಹಾಗೆ ಬಂತು. ಕುಂಡದ ಆಕಾರ ಹಾಗೇ ಇತ್ತು. ಒಂದೇ ಒಂದು ಬೇರೂ ಹೊರಗಿನ ಮಣ್ಣಿಗೆ ಇಳಿದಿರಲಿಲ್ಲ. ಹೂ ಬಿಡುವುದಕ್ಕೆ ಇದ್ದ ಶಕ್ತಿಯನ್ನೆಲ್ಲ ಹಾಕಿ ಮುಗಿಸಿದ ಗಿಡವನ್ನು ಚಳಿ ಬಾಗಿಲಿಗೆ ಬಂದಾಗ ನೆಟ್ಟರೆ ಅದು ಬೇರು ಬಿಡುವುದಾದರೂ ಯಾವಾಗ? ನೆಲ ಹೆಪ್ಪುಗಟ್ಟಿ ಕರಗಿ, ಮತ್ತೆ ಹೆಪ್ಪುಗಟ್ಟಿ ಕರಗಿ, ಗಿಡವನ್ನು ಮೇಲಕ್ಕೆ ತಳ್ಳಿಬಿಟ್ಟಿತ್ತು.

ಅಲ್ಲಿಂದ ಈಚೆಗೆ ನಾನು ಆಸ್ಟರನ್ನು ಹೂ ನೋಡಿ ಆರಿಸುವುದಿಲ್ಲ, ವಾರ ಎಣಿಸಿ ಆರಿಸುತ್ತೇನೆ. ಯಾವಾಗ ಶುರು, ಎಷ್ಟು ವಾರ, ಯಾವ ಹಬ್ಬಕ್ಕೆ ಸಿಗುತ್ತದೆ? ಈ ಮೂರು ಪ್ರಶ್ನೆ ಕೇಳಿದರೆ ಅರ್ಧ ಗೊಂದಲ ಕಮ್ಮಿಯಾಗುತ್ತದೆ. ಚಳಿಯ ತೀವ್ರತೆ ನೋಡಿ ಅಮೆರಿಕದ ಕೃಷಿ ಇಲಾಖೆ ಮಾಡಿದ ವಲಯಗಳಲ್ಲಿ ನಮ್ಮ ಮನೆ ಇರುವುದು 7ನೆಯದರಲ್ಲಿ, ಮಣ್ಣು ಅಂಟು ಜೇಡಿ, ಜಿಂಕೆ ಕಾಟ ಬೇರೆ. ಪೆನ್ಸಿಲ್ವೇನಿಯಾ, ಮೇರಿಲ್ಯಾಂಡ್, ಉತ್ತರ ವರ್ಜೀನಿಯಾದ ಕನ್ನಡದವರಿಗೂ ಹೆಚ್ಚುಕಮ್ಮಿ ಇದೇ ಲೆಕ್ಕ ಹೊಂದುತ್ತದೆ. ಬಾಸ್ಟನ್ ಕಡೆಯವರು ಶರತ್ಕಾಲದ ಗಿಡಗಳಿಗೆ ಒಂದು ವಾರ ಮುಂಚೆ ಅಂದುಕೊಳ್ಳಿ.

ಮೊದಲು ಹೆಸರಿನ ಗೊಂದಲ

ಫೋನಿನಲ್ಲಿ ಅಮ್ಮ ಕೇಳುತ್ತಾರೆ, "ಆಸ್ಟರ್ ಅಂದ್ರೆ ನಮ್ಮ ಆಸ್ಟರೇನೇ?" ಅಲ್ಲ. ಚಿಕ್ಕಬಳ್ಳಾಪುರ, ಕೋಲಾರದ ಹೊಲಗಳಿಂದ ಬೆಂಗಳೂರಿನ ಕೆ.ಆರ್. ಮಾರುಕಟ್ಟೆಗೆ ಬರುವುದು ಚೀನಾ ಆಸ್ಟರ್. ಬೀಜ ಹಾಕಿ, ಹೂ ಕೊಯ್ದು, ಗಿಡ ಕಿತ್ತೆಸೆಯುವ ಒಂದೇ ಹಂಗಾಮಿನ ಬೆಳೆ ಅದು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೊರತಂದ ಕಾಮಿನಿ, ಪೂರ್ಣಿಮಾ, ಶಶಾಂಕ್, ವಯಲೆಟ್ ಕುಶನ್ ಎಲ್ಲ ಆ ಜಾತಿಯವೇ. ಇಲ್ಲಿನ ಅಂಗಡಿಗಳಲ್ಲಿ 'ಆಸ್ಟರ್ ಮಿಕ್ಸ್' ಅಂತ ಬೀಜದ ಪೊಟ್ಟಣ ಕಂಡರೆ ಅದೂ ಸಾಮಾನ್ಯವಾಗಿ ಅದೇ. ಚೆಂದದ ಹೂ, ಆದರೆ ಮುಂದಿನ ವರ್ಷ ಬರುವುದಿಲ್ಲ.

ನಾನು ಹೇಳುತ್ತಿರುವುದು ಚಳಿಯಲ್ಲಿ ಮೇಲೆಲ್ಲ ಒಣಗಿ, ಬುಡದಲ್ಲಿ ಜೀವ ಹಿಡಿದುಕೊಂಡು, ಏಪ್ರಿಲ್‌ನಲ್ಲಿ ಮತ್ತೆ ಚಿಗುರುವ ಆಸ್ಟರ್. ಇವುಗಳಲ್ಲಿ ಜಾಸ್ತಿ ಪಾಲು ಅಮೆರಿಕದ ಮೂಲದವೇ. ಹಿಂದೆ ಎಲ್ಲವನ್ನೂ ಆಸ್ಟರ್ ಕುಲದಲ್ಲೇ ಇಟ್ಟಿದ್ದರು. 1990ರ ದಶಕದಲ್ಲಿ ಸಸ್ಯಶಾಸ್ತ್ರಜ್ಞರು ಕುಲವನ್ನು ಒಡೆದು, ಅಮೆರಿಕದ ಬಹುತೇಕ ಆಸ್ಟರ್‌ಗಳಿಗೆ ಸಿಂಫಿಯೋಟ್ರೈಕಮ್ ಎಂಬ ನಾಲಿಗೆ ಹೊರಳದ ಹೆಸರು ಕೊಟ್ಟರು. ನರ್ಸರಿಯ ಚೀಟಿಯಲ್ಲಿ ಆ ಹೆಸರು ಕಂಡರೆ ಹೆದರಬೇಡಿ, ಅದೇ ಗಿಡ. ಹೆಸರಿಗಿಂತ ಮುಖ್ಯ ತಳಿ. 'ಪರ್ಪಲ್ ಆಸ್ಟರ್' ಅಂತಷ್ಟೇ ಬರೆದ ಕುಂಡ ತರಬೇಡಿ. ಎರಡು ಅಡಿಯ ಗಿಡವೋ ಆರು ಅಡಿಯದೋ ಅದರಿಂದ ಗೊತ್ತಾಗುವುದಿಲ್ಲ.

ಇನ್ನೊಂದು ಮಾತು. ಬಹಳಷ್ಟು ಆಸ್ಟರ್‌ಗಳು ಹೂ ಬಿಡುವುದು ಹಗಲು ಕಿರಿದಾಗುತ್ತಾ ಹೋದಾಗ. ಅದಕ್ಕೇ ಅವು ಶರತ್ಕಾಲದ ಹೂ. ಇಂಗ್ಲೆಂಡಿನಲ್ಲಿ ಇವನ್ನು ಮಿಕಲ್ಮಸ್ ಡೈಸಿ ಅನ್ನುತ್ತಾರೆ, ಸೆಪ್ಟೆಂಬರ್ 29ರ ಸಂತ ಮೈಕೇಲನ ಹಬ್ಬದ ಸುಮಾರಿಗೆ ಅರಳುವುದರಿಂದ. ಅವರ ಹಬ್ಬದ ತಾರೀಕು ಅಲ್ಲಾಡುವುದಿಲ್ಲ. ನಮ್ಮ ನವರಾತ್ರಿ ಹಾಗಲ್ಲವಲ್ಲ. 2023ರಲ್ಲಿ ಅಕ್ಟೋಬರ್ 15ಕ್ಕೆ ಶುರುವಾಯಿತು, 2025ರಲ್ಲಿ ಸೆಪ್ಟೆಂಬರ್ 22ಕ್ಕೇ ಬಂತು. ಹೂ ಸೂರ್ಯನ ಲೆಕ್ಕ ನೋಡುತ್ತದೆ, ಹಬ್ಬ ಚಂದ್ರನ ಲೆಕ್ಕ ನೋಡುತ್ತದೆ. ಒಂದೇ ಆಸ್ಟರ್ ನೆಟ್ಟುಕೊಂಡು ಪ್ರತಿ ದಸರೆಗೂ ಹೂ ಬೇಕು ಅಂದರೆ ಆಗುವ ಮಾತಲ್ಲ.

ಮೂರು ತಿಂಗಳ ಹೂ: ಮೊಂಕ್ ಮತ್ತು ಬ್ಲೂ ಸ್ಟಾರ್

ಒಂದೇ ಗಿಡದಲ್ಲಿ ಜಾಸ್ತಿ ದಿನ ಹೂ ಬೇಕೆಂದರೆ ಎಲ್ಲರೂ ಹೇಳುವ ಮೊದಲ ಹೆಸರು ಫ್ರಿಕಾರ್ಟಿ ಆಸ್ಟರಿನ 'ಮೊಂಕ್' ತಳಿ. ಇಲ್ಲಿನ ನರ್ಸರಿಗಳಲ್ಲಿ ಮಾಂಚ್ ಅಂತಲೂ ಕರೆಯುತ್ತಾರೆ. ಸುಮಾರು 1920ರ ಹೊತ್ತಿಗೆ ಸ್ವಿಟ್ಜರ್ಲೆಂಡಿನ ಸ್ಟೇಫಾ ಊರಿನಲ್ಲಿ ಫ್ರಿಕಾರ್ಟ್ ಎಂಬ ನರ್ಸರಿಯವರು ಎರಡು ಜಾತಿ ಕೂಡಿಸಿ ಮಾಡಿದ್ದು. ಒಂದು ಯೂರೋಪಿನದು. ಇನ್ನೊಂದು ನಮ್ಮ ಪಶ್ಚಿಮ ಹಿಮಾಲಯದ ಆಸ್ಟರ್. ಹುಟ್ಟಿದ ಸಸಿಗಳಿಗೆ ಬೆಟ್ಟಗಳ ಹೆಸರಿಟ್ಟರು: ಐಗರ್, ಮೊಂಕ್, ಯುಂಗ್‌ಫ್ರಾವ್. ಯೂರೋಪ್ ಟೂರ್ ಮಾಡಿದವರಿಗೆ ಮೂರನೆಯದು ಚೆನ್ನಾಗಿ ಗೊತ್ತು.

ಜುಲೈಯಲ್ಲಿ ಶುರುವಾದರೆ ಸೆಪ್ಟೆಂಬರ್ ದಾಟಿ ಅಕ್ಟೋಬರ್‌ವರೆಗೂ ಎಳೆಯುತ್ತದೆ. ತಿಳಿ ನೇರಳೆ-ನೀಲಿ ದಳ, ನಡುವೆ ಹಳದಿ, ಹೂವಿನ ಅಗಲ ಎರಡೂವರೆ ಇಂಚು. ಗಿಡ ಎರಡೂವರೆ ಮೂರು ಅಡಿ. ಎಲೆಗೆ ಬೂದಿ ರೋಗ ಅಷ್ಟಾಗಿ ಬರುವುದಿಲ್ಲ. ಬಾಡಿದ ಹೂ ಕತ್ತರಿಸುತ್ತಾ ಹೋದರೆ ಪಕ್ಕದಿಂದ ಹೊಸ ಮೊಗ್ಗು ಬರುತ್ತಲೇ ಇರುತ್ತದೆ.

ಹಾಗಾದರೆ ಇದನ್ನೇ ತಂದರಾಯಿತಲ್ವಾ? ಇಲ್ಲಿದೆ ತೊಂದರೆ. ಇದಕ್ಕೆ ಚಳಿ ಸಮಸ್ಯೆ ಅಲ್ಲ, ಚಳಿಗಾಲದ ನೀರು ಸಮಸ್ಯೆ. ಬುಡದಲ್ಲಿ ನೀರು ನಿಂತರೆ ಕೊಳೆತು ಹೋಗುತ್ತದೆ. ನಾನು ಎರಡು ಸಲ ಕಳೆದುಕೊಂಡೆ. ಎರಡು ಸಲವೂ ಗಿಡ ಬೇಸಿಗೆಯಲ್ಲಿ ಕಣ್ಣು ಕುಕ್ಕುವ ಹಾಗೆ ಹೂ ಬಿಟ್ಟು, ಏಪ್ರಿಲ್‌ನಲ್ಲಿ ಚಿಗುರಲೇ ಇಲ್ಲ. ಮೂರನೇ ಸಲ ಜಾಗ ಪರೀಕ್ಷೆ ಮಾಡಿದೆ. ಒಂದು ಅಡಿ ಗುಂಡಿ ತೋಡಿ ನೀರು ತುಂಬಿಸಿ ಒಮ್ಮೆ ಇಂಗಲು ಬಿಡಿ. ಆಮೇಲೆ ಮತ್ತೆ ತುಂಬಿಸಿ ಗಂಟೆ ನೋಡಿ. ನನ್ನ ಹಳೇ ಜಾಗದಲ್ಲಿ ರಾತ್ರಿ ತುಂಬಿಸಿದ ನೀರು ಬೆಳಿಗ್ಗೆ ಕಾಫಿ ಹೊತ್ತಿಗೂ ಅರ್ಧ ಉಳಿದಿತ್ತು. ಅಲ್ಲಿ ಮೊಂಕ್ ಬದುಕುವ ಪ್ರಶ್ನೆಯೇ ಇರಲಿಲ್ಲ. ಡ್ರೈವ್‌ವೇ ಪಕ್ಕದ ಇಳಿಜಾರಿನಲ್ಲಿ ಎರಡು ಗಂಟೆಯಲ್ಲಿ ಖಾಲಿ. ಈಗಿನ ಗಿಡ ಅಲ್ಲೇ ಇದೆ, ನಾಲ್ಕನೇ ವರ್ಷ. ನೆಡುವುದು ಏಪ್ರಿಲ್-ಮೇ ತಿಂಗಳಲ್ಲಿ ಮಾತ್ರ. ಒಣಗಿದ ಕಡ್ಡಿಗಳನ್ನು ಚಳಿ ಮುಗಿಯುವವರೆಗೆ ಕತ್ತರಿಸಬೇಡಿ, ಬುಡಕ್ಕೆ ಮರದ ಚಕ್ಕೆ ಒತ್ತಬೇಡಿ.

ಕೊಳ್ಳುವಾಗ ಇನ್ನೊಂದು ಎಚ್ಚರ. 'ವುಂಡರ್ ಫಾನ್ ಸ್ಟೇಫಾ' ಅಂತ ಇದರ ಒಡಹುಟ್ಟಿದ ತಳಿ ಇದೆ. ನರ್ಸರಿಗಳಲ್ಲಿ ಎರಡೂ ಕಲಸಿಹೋಗಿವೆ, ಒಂದರ ಹೆಸರಿನಲ್ಲಿ ಇನ್ನೊಂದು ಸಿಗುವುದು ಮಾಮೂಲು. ಅದೂ ಒಳ್ಳೆಯ ಗಿಡವೇ, ಆದರೆ ಮೊಂಕ್‌ನಷ್ಟು ನೆಟ್ಟಗೆ ನಿಲ್ಲುವುದಿಲ್ಲ. ಕಡ್ಡಿ ಬಾಗಿ ಬಾಗಿ ಬೀಳುತ್ತಿದ್ದರೆ ನಿಮಗೆ ಅದೇ ಸಿಕ್ಕಿದೆ ಅಂದುಕೊಳ್ಳಿ.

ಇಷ್ಟೆಲ್ಲ ತಲೆನೋವು ಬೇಡ ಅನ್ನುವವರಿಗೆ ಜಪಾನ್ ಆಸ್ಟರ್ ಇದೆ. ಕಾಲಿಮೆರಿಸ್ 'ಬ್ಲೂ ಸ್ಟಾರ್' ಅಂತ ಮಾರುತ್ತಾರೆ. ಜೂನ್ ಕೊನೆಗೇ ಶುರು, ಸೆಪ್ಟೆಂಬರ್‌ವರೆಗೆ ಬಿಡುತ್ತದೆ. ಒಂದು ಒಂದೂವರೆ ಅಡಿಯ ಗುಪ್ಪೆ. ಆಸರೆ ಬೇಡ, ಚಿವುಟುವುದು ಬೇಡ, ಜೇಡಿ ಮಣ್ಣಿಗೂ ಬೇಸರವಿಲ್ಲ. ಆಗಸ್ಟಿನ ಬಿಸಿಲಿಗೆ ಹೂ ಸ್ವಲ್ಪ ತೆಳುವಾದರೆ ಮೇಲಿನ ಮೂರನೇ ಒಂದು ಭಾಗ ಕತ್ತರಿಸಿ, ಮತ್ತೆ ಸುತ್ತು ಬರುತ್ತದೆ. ಹೂ ಚಿಕ್ಕದು, ನಮ್ಮ ಹಳೇ ಎಂಟಾಣೆ ಅಗಲ. ಬಣ್ಣ ತೊಳೆದ ಹಾಗೆ ತಿಳಿ. ದೂರದಿಂದ ನೋಡಿದರೆ ಬಿಳಿ ಅನ್ನಿಸುತ್ತದೆ. ಮೊಂಕ್‌ನ ಅಂದ ಇದಕ್ಕಿಲ್ಲ, ಆದರೆ ಇದು ಸತ್ತಿದ್ದನ್ನು ನಾನು ನೋಡಿಲ್ಲ. ಮೊದಲ ಸಲ ಗಿಡ ನೆಡುವವರಿಗೆ ನಾನು ಕೊಡುವುದು ಇದನ್ನೇ. ವರಮಹಾಲಕ್ಷ್ಮಿಗೂ ಹೂ, ಗಣೇಶನಿಗೂ ಹೂ.

ಎತ್ತರದ ನ್ಯೂ ಇಂಗ್ಲೆಂಡ್ ಆಸ್ಟರ್

ಹೆದ್ದಾರಿ ಬದಿಯಲ್ಲಿ ಸೆಪ್ಟೆಂಬರ್ ಕೊನೆಗೆ ಗೋಲ್ಡನ್‌ರಾಡ್‌ನ ಹಳದಿಯ ನಡುವೆ ಗಾಢ ನೇರಳೆ ಕಾಣುತ್ತದಲ್ಲ, ಅದು ನ್ಯೂ ಇಂಗ್ಲೆಂಡ್ ಆಸ್ಟರ್. ಬಣ್ಣಕ್ಕೆ ಇದನ್ನು ಮೀರಿಸುವ ಆಸ್ಟರ್ ಇಲ್ಲ. 'ಆಲ್ಮಾ ಪೊಯೆಚ್ಕೆ' ತಳಿಯದು ಅಪ್ಪಟ ರಾಣಿ ಬಣ್ಣ, ಮೈಸೂರು ಸಿಲ್ಕ್ ಸೀರೆಯ ಅಂಚಿನ ಹಾಗೆ. ಮೆಕ್ಸಿಕೋಗೆ ಹಾರುವ ಮೊನಾರ್ಕ್ ಚಿಟ್ಟೆಗಳಿಗೆ ದಾರಿಯ ಊಟ ಈ ಹೂವೇ. ಒಂದು ಮಧ್ಯಾಹ್ನ ಒಂದೇ ಗಿಡದಲ್ಲಿ ನಾನು ಏಳು ಎಣಿಸಿದ್ದೇನೆ.

ಆದರೆ ಹೂವಿನ ಕಾಲ ನಾಲ್ಕು ವಾರ, ಜಾಸ್ತಿ ಅಂದರೆ ಐದು. ಗಿಡ ಐದಾರು ಅಡಿ ಹೋಗಿ ಒಂದು ಮಳೆಗೆ ನೆಲ ಕಚ್ಚುತ್ತದೆ. ಆಗಸ್ಟಿನಲ್ಲಿ ಎಲೆಯ ಮೇಲೆ ವಿಭೂತಿ ಬಳಿದ ಹಾಗೆ ಬೂದಿ ರೋಗ. ಕೆಳಗಿನ ಎಲೆಗಳು ಒಣಗಿ ಬರೀ ಕಡ್ಡಿ ಕಾಲುಗಳು ಉಳಿಯುತ್ತವೆ. ಹೂ ಕಿತ್ತು ಒಳಗೆ ತಂದರೆ ಸಂಜೆಗೆ ಮುಚ್ಚಿಕೊಳ್ಳುತ್ತವೆ. ಹಾಗಾಗಿ ಹೂದಾನಿಗೂ, ರಾತ್ರಿ ಪೂಜೆಗೂ ಆಗುವುದಿಲ್ಲ. ಬೆಳಿಗ್ಗೆ ಅರ್ಚನೆಗೆ ಪರವಾಗಿಲ್ಲ.

ಇದನ್ನು ಹದಕ್ಕೆ ತರುವ ದಾರಿ ನನಗೆ ಗೊತ್ತಾಗಿದ್ದು ಒಂದು ಎಡವಟ್ಟಿನಿಂದ. ಮೇ ಕೊನೆಯಲ್ಲಿ ಹುಲ್ಲು ಕತ್ತರಿಸಲು ಬಂದ ಹುಡುಗ ಕಳೆ ಅಂದುಕೊಂಡು ಟ್ರಿಮ್ಮರ್ ಆಡಿಸಿಬಿಟ್ಟ. ಎರಡು ಅಡಿ ಇದ್ದ ಗಿಡ ಒಂದು ಅಡಿಗೆ ಬಂತು. ಹೆಂಡತಿ ಎರಡು ದಿನ ಮಾತಾಡಲಿಲ್ಲ, ಅವನನ್ನು ಕರೆಸಿದ್ದು ನಾನು ಅಂತ. ಅವನು ಗೋಡೆ ಪಕ್ಕದ ಒಂದು ಬುಡ ಮಾತ್ರ ಬಿಟ್ಟಿದ್ದ. ಸೆಪ್ಟೆಂಬರ್‌ನಲ್ಲಿ ನೋಡಿದರೆ, ಬಿಟ್ಟಿದ್ದು ಐದು ಅಡಿ ಬೆಳೆದು ಮಲಗಿತ್ತು. ಕತ್ತರಿಸಿದ್ದು ಮೂರು ಅಡಿಯ ಪೊದೆಯಾಗಿ, ಕಡ್ಡಿಗೆ ನಾಲ್ಕು ನಾಲ್ಕು ಕವಲೊಡೆದು ನಿಂತಿತ್ತು. ಹೂ ಒಂದು ವಾರ ತಡ, ಅಷ್ಟೇ.

ಇಂಗ್ಲೆಂಡಿನ ತೋಟದವರು ಇದಕ್ಕೆ 'ಚೆಲ್ಸಿ ಚಾಪ್' ಅಂತ ಹೆಸರಿಟ್ಟಿದ್ದಾರೆ. ಮೇ ಕೊನೆಯಲ್ಲಿ ಚೆಲ್ಸಿ ಹೂವಿನ ಪ್ರದರ್ಶನ ನಡೆಯುವ ಹೊತ್ತಿಗೆ ಮಾಡುವುದರಿಂದ. ಇಲ್ಲಿಯ ಲೆಕ್ಕದಲ್ಲಿ ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನ, ಕೊನೆಯ ದಿನ. ಪಟಾಕಿ ಹೊಡೆದ ಮೇಲೆ ಕತ್ತರಿ ಮುಟ್ಟಬೇಡಿ, ಮೊಗ್ಗೇ ಹೋಗುತ್ತದೆ. ಈಗ ನಾನು ಬೇಕಂತಲೇ ಒಂದು ಆಟ ಆಡುತ್ತೇನೆ. ಒಂದೇ ಬುಡದ ಮುಂದಿನ ಅರ್ಧ ಕಡ್ಡಿಗಳನ್ನು ಕತ್ತರಿಸುತ್ತೇನೆ, ಹಿಂದಿನವನ್ನು ಬಿಡುತ್ತೇನೆ. ಹಿಂದಿನವು ಮೊದಲು ಅರಳುತ್ತವೆ, ಮುಂದಿನವು ವಾರ ಹತ್ತು ದಿನ ಬಿಟ್ಟು. ಜೊತೆಗೆ ಹಿಂದಿನ ಬೋಳು ಕಾಲುಗಳನ್ನು ಮುಂದಿನವು ಮುಚ್ಚುತ್ತವೆ. ನಾಲ್ಕು ವಾರದ ಗಿಡ ಹೀಗೆ ಐದೂವರೆ ವಾರ ಆಗುತ್ತದೆ.

ಕತ್ತರಿ ಹಿಡಿಯಲು ಬೇಜಾರಾದರೆ 'ಪರ್ಪಲ್ ಡೋಮ್' ತನ್ನಿ. ಪೆನ್ಸಿಲ್ವೇನಿಯಾದಲ್ಲಿ ಸಿಕ್ಕಿದ ಗಿಡ್ಡ ತಳಿ, ಒಂದೂವರೆ ಅಡಿ, ಗಾಢ ನೇರಳೆ. ಬೂದಿ ಬರುವುದಿಲ್ಲ ಅಂತ ಜಾಹೀರಾತು. ನನ್ನ ತೋಟದಲ್ಲಿ ಬಂದಿದೆ, ಕೆಳಗಿನ ಎಲೆಯೂ ಉದುರಿದೆ. ಮುಂದೆ ಒಂದು ಗಿಡ್ಡ ಗಿಡ ನೆಟ್ಟು ಮುಚ್ಚಿದರೆ ಆಯಿತು.

ನ್ಯೂಯಾರ್ಕ್ ಆಸ್ಟರ್ ಬಗ್ಗೆ ಚಿಕ್ಕದಾಗಿ

ಅಂಗಡಿ ಮುಂದಿನ ಆ ದುಂಡು ಕುಂಡಗಳಲ್ಲಿ ಇರುವುದು ಹೆಚ್ಚಾಗಿ ಈ ಕುಟುಂಬದವು. ಇಂಗ್ಲೆಂಡಿನಲ್ಲಿ ಅರ್ನೆಸ್ಟ್ ಬಲ್ಲಾರ್ಡ್ ಎಂಬಾತ 1900ರ ದಶಕದಲ್ಲೇ ಮಾಲ್ವರ್ನ್ ಬೆಟ್ಟಗಳ ಪಕ್ಕದ ಕಾಲ್ವಾಲ್ ಊರಿನಲ್ಲಿ ಇದರ ಹೊಸ ಹೊಸ ತಳಿ ಮಾಡಲು ಕೂತ. ಆ ನರ್ಸರಿ ಈಗಲೂ ಇದೆ, ಆಸ್ಟರ್ ನೋಡಲೆಂದೇ ಜನ ಹೋಗುತ್ತಾರೆ. ಹೂವಿನ ಬಗ್ಗೆ ಎರಡು ಮಾತಿಲ್ಲ. ಆದರೆ ಬೂದಿ ರೋಗ, ತುಕ್ಕು ರೋಗ ಎರಡಕ್ಕೂ ಇದು ತವರುಮನೆ. ನೀರು ಕಮ್ಮಿಯಾದರೂ ಮುನಿಸು. ನನ್ನ ಅಭಿಪ್ರಾಯ ಕೇಳಿದರೆ 'ವುಡ್ಸ್' ಸಾಲಿನ ನೀಲಿ, ಗುಲಾಬಿ, ನೇರಳೆ ಮೂರು ತಳಿ ಬಿಟ್ಟು ಉಳಿದದ್ದು ಬೇಡ. ಅವು ಒಂದು ಅಡಿ ಚಿಲ್ಲರೆ ಬೆಳೆಯುತ್ತವೆ, ರೋಗ ತಡೆಯುವ ಶಕ್ತಿಯೂ ಜಾಸ್ತಿ. ಬಾಲ್ಕನಿಯ ಕುಂಡಕ್ಕೆ ಹೇಳಿ ಮಾಡಿಸಿದ ಹಾಗಿವೆ. ಅಪಾರ್ಟ್‌ಮೆಂಟಿನವರು ಮುಂದೆ ಓದದೆ ಇದನ್ನೇ ತಂದರೂ ತಪ್ಪಿಲ್ಲ. ವಸಂತದಲ್ಲಿ ತನ್ನಿ ಅಷ್ಟೇ.

ನನ್ನ ಆಯ್ಕೆ: ಪರಿಮಳದ ಆಸ್ಟರ್

ಒಂದೇ ಒಂದು ಗಿಡಕ್ಕೆ ಜಾಗ ಇದೆ, ಬಿಸಿಲು ಚೆನ್ನಾಗಿದೆ, ನೋಡಿಕೊಳ್ಳಲು ಪುರುಸೊತ್ತಿಲ್ಲ ಅಂದರೆ ನಾನು ಹೇಳುವುದು ಪರಿಮಳದ ಆಸ್ಟರ್. ಇಲ್ಲಿ ಅರೋಮ್ಯಾಟಿಕ್ ಆಸ್ಟರ್ ಅಂತ ಕೇಳಿ. ಪರಿಮಳ ಹೂವಿನಲ್ಲಿಲ್ಲ, ಎಲೆಯಲ್ಲಿ. ಉಜ್ಜಿ ಮೂಸಿದರೆ ಘಮ್ಮೆನ್ನುತ್ತದೆ. ದವನದಷ್ಟು ಸೊಗಸಲ್ಲ, ಆದರೆ ಆ ಜಾತಿಯ ವಾಸನೆಯೇ.

ಇದರಲ್ಲಿ ಎರಡು ತಳಿ ಸುಲಭವಾಗಿ ಸಿಗುತ್ತವೆ. 'ಅಕ್ಟೋಬರ್ ಸ್ಕೈಸ್' ಒಂದೂವರೆ ಎರಡು ಅಡಿ, ಅಗಲ ಅದಕ್ಕಿಂತ ಜಾಸ್ತಿ. 'ರೇಡನ್ಸ್ ಫೇವರಿಟ್' ಮೂರು ಅಡಿ. ಹೂವಿನ ಬಣ್ಣ ಎರಡರಲ್ಲೂ ನೀಲಿ ಕಡೆಗೆ ವಾಲಿದ ನೇರಳೆ. ಸೆಪ್ಟೆಂಬರ್ ಕೊನೆಗೆ ಅಲ್ಲೊಂದು ಇಲ್ಲೊಂದು ಅರಳಿ, ಅಕ್ಟೋಬರ್ ಎರಡನೇ ವಾರಕ್ಕೆ ಗಿಡವೇ ಕಾಣದ ಹಾಗೆ ತುಂಬಿ, ನವೆಂಬರ್ ಮೊದಲ ವಾರದವರೆಗೆ ಇರುತ್ತದೆ. ಎಣಿಸಿದರೆ ಐದಾರು ವಾರ. ಮೊಂಕ್‌ನ ಅರ್ಧ. ಆದರೆ ಬೇರೆ ಯಾವ ಹೂವೂ ಇಲ್ಲದ ಹೊತ್ತಿನ ಐದಾರು ವಾರ ಇದು. ಒಂದೆರಡು ಸಣ್ಣ ಇಬ್ಬನಿ-ಹಿಮಕ್ಕೆ ಜಗ್ಗುವುದಿಲ್ಲ. ಬೆಳಿಗ್ಗೆ ಏಳು ಗಂಟೆಗೆ ದಳದ ಅಂಚಿಗೆ ಉಪ್ಪು ಉದುರಿಸಿದ ಹಾಗೆ ಹಿಮ ಕೂತಿರುತ್ತದೆ. ರಾತ್ರಿ ಅಲ್ಲೇ ಹೂವಿಗೆ ತಬ್ಬಿಕೊಂಡು ಮಲಗಿದ ದುಂಬಿ ಅಲ್ಲಾಡದೆ ಇರುತ್ತದೆ. ಬಿಸಿಲು ತಾಗಿದ ಮೇಲೆ ಎರಡೂ ಏಳುತ್ತವೆ.

ಜೇಡಿ ಮಣ್ಣು ಆಗುತ್ತದೆ. ಬೇರೂರಿದ ಮೇಲೆ ನೀರಿನ ಚಿಂತೆ ಇಲ್ಲ. ಬೂದಿ ರೋಗ ಅಪರೂಪ. ಎಲೆಯ ವಾಸನೆಗೋ ಏನೋ ಜಿಂಕೆಯೂ ಇದನ್ನು ಕಡೆಗೆ ನೋಡುತ್ತದೆ. ಮಾಡಬಾರದ್ದು ಒಂದೇ: ಮುದ್ದು. ನಾನು ಮೊದಲ ವರ್ಷ ಊರಿನ ಅಭ್ಯಾಸದಂತೆ ಮೂಟೆಗಟ್ಟಲೆ ಸಗಣಿ ಗೊಬ್ಬರ ಕೊಟ್ಟೆ. ಗಿಡ ಕೊಬ್ಬಿ ನಡುವೆ ಸೀಳಿ ನಾಲ್ಕು ಕಡೆ ಬಿತ್ತು. ಗೊಬ್ಬರ ನಿಲ್ಲಿಸಿದ ಮೇಲೆ ಸರಿಹೋಯಿತು. ದಿನಕ್ಕೆ ಆರು ಗಂಟೆ ಬಿಸಿಲು ಮಾತ್ರ ಬೇಕೇ ಬೇಕು. ನೆರಳಿನಲ್ಲಿ ನೆಟ್ಟರೆ ಬಿಸಿಲು ಹುಡುಕಿಕೊಂಡು ಮಲಗಿಬಿಡುತ್ತದೆ.

ಇದಕ್ಕೆ ಸರಿಸಾಟಿ ಅನ್ನಬಹುದಾದದ್ದು ನುಣುಪೆಲೆಯ ಆಸ್ಟರಿನ 'ಬ್ಲೂಬರ್ಡ್' ತಳಿ. ಡೆಲವೇರ್ ರಾಜ್ಯದ ಮೌಂಟ್ ಕ್ಯೂಬಾ ಸೆಂಟರ್ ಎಂಬ ತೋಟದಲ್ಲಿ 2003ರಿಂದ 2005ರವರೆಗೆ 56 ಬಗೆಯ ಆಸ್ಟರ್‌ಗಳನ್ನು ಅಕ್ಕಪಕ್ಕ ಬೆಳೆಸಿ ನೋಡಿದರು. ಮೇಲಿನ ಸಾಲಿನಲ್ಲಿ ನಿಂತವುಗಳಲ್ಲಿ ಇದೂ ಒಂದು. ಮೂರು ನಾಲ್ಕು ಅಡಿ ಎತ್ತರ, ಎಲೆ ಕೊನೆಯವರೆಗೂ ಶುಭ್ರ. ಆದರೆ ಹೂ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮೊದಲರ್ಧದವರೆಗೆ. ನಮಗೆ ದೀಪಾವಳಿ ತನಕ ಬೇಕಲ್ಲ.

ನೆರಳು ಮಾತ್ರ ಇದ್ದರೆ

ಮೇಪಲ್ ಮರದ ಕೆಳಗಿನ ಒಣ ನೆರಳಿಗೆ ಬಿಳಿ ವುಡ್ ಆಸ್ಟರ್. ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ ನಕ್ಷತ್ರ ಚೆಲ್ಲಿದ ಹಾಗೆ ಸಣ್ಣ ಬಿಳಿ ಹೂ. ಅದರ ನೀಲಿ ಅಕ್ಕ, ಹೃದಯದಾಕಾರದ ಎಲೆಯದು, ಅರ್ಧ ನೆರಳಿಗೆ ಒಳ್ಳೆಯದು. ಬೀಜ ಉದುರಿಸಿ ಎಲ್ಲೆಂದರಲ್ಲಿ ಹುಟ್ಟುತ್ತದೆ, ಅಷ್ಟು ತಿಳಿದಿರಲಿ. ಬೇಡವಾದ ಕಡೆ ಸಸಿ ಇದ್ದಾಗಲೇ ಕೀಳಿ.

ಇನ್ನು 'ಜಿಂದಾಯ್' ಅಂತ ಒಂದಿದೆ. ಟೋಕಿಯೋದ ಜಿಂದಾಯ್ ಸಸ್ಯೋದ್ಯಾನದಲ್ಲಿ ಕಂಡ ತಳಿ. ನಾಲ್ಕು ಅಡಿ, ಕಡ್ಡಿ ಗಟ್ಟಿ, ಅಕ್ಟೋಬರ್ ಮಧ್ಯದಿಂದ ನವೆಂಬರ್‌ವರೆಗೆ ಹೂ. ಎಲೆಯೋ ಹೊಗೆಸೊಪ್ಪಿನಷ್ಟು ಅಗಲ. ಕೇಳಲು ಚೆನ್ನಾಗಿದೆ. ಆದರೆ ನೆಲದೊಳಗೆ ಬೇರು ಓಡಿಸಿ ಪಕ್ಕದವರ ಜಾಗಕ್ಕೂ ಹೋಗುತ್ತದೆ. ಒಂದು ಎಕರೆ ಇದ್ದವರಿಗೆ ಸರಿ. ನಮ್ಮ ಟೌನ್‌ಹೌಸ್ ಅಂಗಳಕ್ಕೆ ಬೇಡ.

ಹಬ್ಬದ ಲೆಕ್ಕ

2025ರಲ್ಲಿ ನವರಾತ್ರಿ ಬೇಗ ಬಂದಾಗ ನಮ್ಮ ಬೊಂಬೆ ಮೆಟ್ಟಿಲಿಗೆ 'ಅಕ್ಟೋಬರ್ ಸ್ಕೈಸ್' ಕೈಕೊಟ್ಟಿತು, ಬರೀ ಮೊಗ್ಗು. 'ವುಡ್ಸ್' ಮತ್ತು ಕತ್ತರಿಸದ ನ್ಯೂ ಇಂಗ್ಲೆಂಡ್ ಕಡ್ಡಿಗಳು ಮರ್ಯಾದೆ ಉಳಿಸಿದವು. ಆ ವರ್ಷ ದೀಪಾವಳಿ ಅಕ್ಟೋಬರ್ 20ಕ್ಕೆ ಇತ್ತು, ಅದಕ್ಕೆ ಪರಿಮಳದ ಆಸ್ಟರ್ ತುಂಬಿ ನಿಂತಿತ್ತು. 2026ರಲ್ಲಿ ಅಧಿಕ ಮಾಸ ಬಂದು ಲೆಕ್ಕ ತಿರುಗುಮುರುಗು. ನವರಾತ್ರಿ ಅಕ್ಟೋಬರ್ 11ಕ್ಕೆ ಶುರು, ವಿಜಯದಶಮಿ 20ಕ್ಕೆ. ಪರಿಮಳದ ಆಸ್ಟರಿಗೆ ಇದಕ್ಕಿಂತ ಒಳ್ಳೆಯ ಮುಹೂರ್ತ ಇಲ್ಲ. ದೀಪಾವಳಿ ನವೆಂಬರ್ 8ಕ್ಕೆ ಹೋಗಿದೆ. ಆ ಹೊತ್ತಿಗೆ ಗಿಡದಲ್ಲಿ ಕಡೆಯ ಹಿಡಿ ಹೂ ಸಿಕ್ಕರೆ ಪುಣ್ಯ. 'ರೇಡನ್ಸ್' ಒಂದನ್ನು ಜುಲೈ 4ರ ಒಳಗೆ ಕತ್ತರಿಸಿ ತಡ ಮಾಡಿಸುವ ಯೋಚನೆ ಇದೆ.

ಆಸ್ಟರ್ ಹೂ ದಾರದಲ್ಲಿ ಕಟ್ಟಲು ಬರುವುದಿಲ್ಲ, ತೊಟ್ಟು ತಂತಿಯ ಹಾಗೆ. ಅಮ್ಮ ಬಂದಿದ್ದಾಗ ಒಂದು ಗಂಟೆ ಹೆಣಗಿ, "ಇದು ನಾರಿಗೂ ಒಗ್ಗಲ್ಲ, ದಾರಕ್ಕೂ ಒಗ್ಗಲ್ಲ ಕಣೋ" ಅಂತ ಕೈಬಿಟ್ಟರು. ಬಿಡಿ ಹೂವಾಗಿ ತಟ್ಟೆಯಲ್ಲಿ ಇಟ್ಟರೆ ಚೆಂದ.

ಇದ್ದದ್ದನ್ನು ಇನ್ನೆರಡು ವಾರ ಎಳೆಯುವುದು

ಯಾವುದೇ ತಳಿ ತಂದರೂ ನೀರು ಬುಡಕ್ಕೆ ಹಾಕಿ, ಎಲೆಗೆ ಬೇಡ. ಗಿಡದಿಂದ ಗಿಡಕ್ಕೆ ಎರಡು ಅಡಿ ಬಿಡಿ, ಗಾಳಿ ಆಡಿದಷ್ಟೂ ಬೂದಿ ಕಮ್ಮಿ. ಜುಲೈ-ಆಗಸ್ಟಿನಲ್ಲಿ ನ್ಯೂ ಇಂಗ್ಲೆಂಡ್, ನ್ಯೂಯಾರ್ಕ್ ಆಸ್ಟರ್‌ಗಳು ಒಣಗಿದರೆ ಸೆಪ್ಟೆಂಬರ್ ಹೂ ಅರ್ಧಕ್ಕೆ ಇಳಿಯುತ್ತದೆ. ವಾರಕ್ಕೊಮ್ಮೆ ಚೆನ್ನಾಗಿ ನೆನೆಸಿ, ದಿನಾ ಚಿಮುಕಿಸಬೇಡಿ.

ಯಾರೋ ತಿಂದಿದ್ದಾರೆ ಅನ್ನಿಸಿದರೆ ಕಡ್ಡಿಯ ತುದಿ ನೋಡಿ. ಕತ್ತರಿಯಲ್ಲಿ ಓರೆಯಾಗಿ ಕತ್ತರಿಸಿದ ಹಾಗಿದ್ದರೆ ಮೊಲ. ಹರಿದು ನಾರು ನಾರಾಗಿದ್ದರೆ ಜಿಂಕೆ. ಅದಕ್ಕೆ ಮೇಲಿನ ಮುಂಬಲ್ಲು ಇಲ್ಲ, ಎಳೆದು ಕೀಳುತ್ತದೆ. ಮೊಲಕ್ಕೆ ಎರಡು ಅಡಿಯ ತಂತಿಬಲೆ ಸಾಕು. ಜಿಂಕೆಗೆ ಮೊಟ್ಟೆ-ಬೆಳ್ಳುಳ್ಳಿ ವಾಸನೆಯ ಸ್ಪ್ರೇ ಸಿಗುತ್ತದೆ, ಮಳೆ ಬಂದಾಗಲೆಲ್ಲ ಮತ್ತೆ ಹೊಡೆಯಬೇಕು. ಆಗಸ್ಟಿನ ಒಂದು ರಾತ್ರಿ ಮೊಗ್ಗೆಲ್ಲ ಖಾಲಿಯಾದರೆ ಆ ವರ್ಷದ ಹೂ ಹೋದ ಹಾಗೆ. ಹಾಗಾಗಿ ಜುಲೈಯಲ್ಲೇ ಶುರುಮಾಡಿ.

ಹೂ ಮುಗಿದ ಮೇಲೆ ಕಡ್ಡಿಗಳನ್ನು ಹಾಗೇ ಬಿಡಿ. ಜನವರಿಯಲ್ಲಿ ಗೋಲ್ಡ್‌ಫಿಂಚ್ ಹಕ್ಕಿಗಳು ಅದರ ಮೇಲೆ ಜೋಲಾಡುತ್ತಾ ಬೀಜ ತಿನ್ನುತ್ತವೆ. ಮೂರು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ, ಚಿಗುರು ಎರಡಿಂಚು ಬಂದಾಗ, ಬುಡ ಅಗೆದು ಒಡೆಯಿರಿ. ನಡುವಿನ ಮುದಿ ಭಾಗ ಬಿಸಾಕಿ, ಅಂಚಿನ ಎಳೆ ತುಂಡುಗಳನ್ನು ನೆಡಿ. ನ್ಯೂ ಇಂಗ್ಲೆಂಡ್ ಆಸ್ಟರ್ ಬುಡ ಕೈಯಲ್ಲಿ ಬಿಡಿಸಲು ಬರುವುದಿಲ್ಲ, ಹಳೇ ಅಡುಗೆಮನೆ ಚಾಕು ತಗೊಳ್ಳಿ. ಒಂದು ಬುಡದಿಂದ ಏಳೆಂಟು ತುಂಡು ಸಿಗುತ್ತವೆ, ನಮಗೆ ಬೇಕಾಗುವುದು ಎರಡು. ಉಳಿದವು ಖಾಲಿ ಮೊಸರಿನ ಡಬ್ಬಗಳಲ್ಲಿ, ತಳಕ್ಕೆ ನಾಲ್ಕು ತೂತು ಹೊಡೆದು, ಯುಗಾದಿ ಕಾರ್ಯಕ್ರಮಕ್ಕೆ ಕನ್ನಡ ಸಂಘದ ಹಾಲ್‌ಗೆ ಹೋಗುತ್ತವೆ. ಮುಚ್ಚಳದ ಮೇಲೆ ತಳಿಯ ಹೆಸರು ಮಾರ್ಕರ್‌ನಲ್ಲಿ ಬರೆದು ಕೊಡುತ್ತೇನೆ. ಹೋದ ವರ್ಷ ಒಬ್ಬರು ಮುಚ್ಚಳ ನೋಡಿ ಮೊಸರು ಅಂದುಕೊಂಡು ಊಟದ ಮೇಜಿನ ಮೇಲೆ ಇಟ್ಟಿದ್ದರು.